ಉಸಿರಿಲ್ಲದ ದನಿ – ಅಧ್ಯಾಯ ಐದು: ಬೀಗ ಹಿಡಿದವರು ಯಾರು?

ಮೂರನೇ ಸಲವೂ ಅದೇ ಆಯಿತು.

ಪರದೆ ಒಂದು ಕ್ಷಣ ಕಪ್ಪಾಯಿತು. ನಿದ್ದೆಯಲ್ಲಿದ್ದವರು ಕಣ್ಣು ಬಿಡಲು ಒದ್ದಾಡಿದಂತೆ ಎರಡು ಸಲ ಮಿಣುಕಿತು. ಆಮೇಲೆ ಹಳದಿ ಎಚ್ಚರಿಕೆಯ ಪೆಟ್ಟಿಗೆ ಬಂದು ನಿಂತಿತು: 'ಗಂಗಾ-೩' ಪ್ರಾರಂಭಿಸಲು ಆಗುತ್ತಿಲ್ಲ.

"ಇನ್ನೂ ಎಷ್ಟು ಹೊತ್ತು, ಮೇಡಂ?" ಬೆನ್ನ ಹಿಂದಿನಿಂದ ಲಿಫ್ಟ್ ಕಂಪನಿಯ ಮ್ಯಾನೇಜರ್ ಮಹೇಶಕುಮಾರ ಹಿಂದಿಯಲ್ಲಿ ಕೇಳಿದ.

"ಮೊದಲು ರೋಗ ಗೊತ್ತಾಗಲಿ, ಸಾರ್," ಎಂದಳು ಸ್ನೇಹಲತಾ, ಅವಳೂ ಹಿಂದಿಯಲ್ಲೇ.

ಗಂಗಾ-೩ ಕೈಯಿಂದ ಮುಟ್ಟಬಹುದಾದ ಯಂತ್ರವಲ್ಲ. ಮೇಜಿನ ಕೆಳಗಿದ್ದ ದಪ್ಪ ಕಂಪ್ಯೂಟರಿನ ಹೊಟ್ಟೆಯೊಳಗೆ ಬದುಕುವ ಇನ್ನೊಂದು ಕಂಪ್ಯೂಟರು, ವರ್ಚುವಲ್ ಮಷೀನ್. ಈ ಕಂಪನಿಯ ಲಿಫ್ಟುಗಳಲ್ಲಿ "ಬಾಗಿಲು ಮುಚ್ಚುತ್ತಿದೆ" ಎಂದು ತೆಲುಗು, ಹಿಂದಿ, ಇಂಗ್ಲಿಷಿನಲ್ಲಿ ಹೇಳುವ ಹೆಣ್ಣುದನಿಯನ್ನು ಹೊಸೆಯುವ ಸಾಫ್ಟ್‌ವೇರ್ ಅದರೊಳಗೆ ಮಾತ್ರ ನಡೆಯುತ್ತಿತ್ತು. ದನಿ ಕೊಟ್ಟ ಹುಡುಗಿ ಶಿವಗಂಗಾ ಕಾಣೆಯಾಗಿ ಇವತ್ತಿಗೆ ನಲವತ್ತು ದಿನ. ಅವಳನ್ನು ಹುಡುಕಲು ಒಪ್ಪಿದವಳು ಸ್ನೇಹಲತಾ.

ಅವಳಿಗೆ ಸಿಕಂದರಾಬಾದಿನ ಸ್ಟೇಷನ್ ಹತ್ತಿರ ಒಂದು ಅಂಗಡಿ. ಸತ್ತ ಹಾರ್ಡ್‌ಡಿಸ್ಕುಗಳಿಂದ ಜನರ ಮದುವೆ ಫೋಟೋ, ಆಸ್ತಿ ಕಾಗದ ಎತ್ತಿಕೊಡುವ ಕೆಲಸ. ಪತ್ತೇದಾರಿಕೆ ಅದರ ಜೊತೆಗೆ ತಾನಾಗಿ ಅಂಟಿಕೊಂಡದ್ದು. ಹೀಗಾಗಿ ಇಲ್ಲಿ ಅವಳು ಮೆಕ್ಯಾನಿಕ್ಕಿನ ವೇಷವನ್ನೇನೂ ಹಾಕಬೇಕಾಗಿರಲಿಲ್ಲ. ಗಂಗಾ-೩ ಕೆಟ್ಟಿದೆ, ಬಂದು ನೋಡಿ ಎಂದು ಮಹೇಶಕುಮಾರನೇ ಮೊನ್ನೆ ಫೋನ್ ಮಾಡಿ ಕರೆದಿದ್ದ. ಹುಡುಕಬೇಕಾದ ಮನೆಯವರೇ ಬಾಗಿಲು ತೆರೆದು ಒಳಗೆ ಕರೆದದ್ದನ್ನು ಅವಳು ಅದೃಷ್ಟವೆಂದು ತಿಳಿದಿದ್ದಳು.

ಭಾನುವಾರ. ಬಾಲಾನಗರದ ಆ ರಸ್ತೆಯಲ್ಲಿ ಲೇಥು ಯಂತ್ರಗಳೆಲ್ಲ ಬಾಯಿ ಮುಚ್ಚಿದ್ದವು. ಕಾರ್ಖಾನೆಯ ಆರನೇ ಮಹಡಿಯ ಈ ಧ್ವನಿಕೋಣೆಯಲ್ಲಂತೂ ಹೊರಗಿನ ಒಂದು ಹಾರ್ನ್ ಕೂಡ ಕೇಳಿಸುತ್ತಿರಲಿಲ್ಲ. ಗೋಡೆಗೆಲ್ಲ ಬೂದುಬಣ್ಣದ ದಿಂಬು ಬಡಿದಿದ್ದರು. ಒಂದೇ ಒಂದು ಕಿಟಕಿ, ಅದಕ್ಕೂ ಎರಡು ಪದರದ ಗಾಜು, ತೆರೆಯದಂತೆ ಸ್ಕ್ರೂ. ಮಾತಾಡಿದರೆ ಮಾತು ಬಾಯಿಯ ಮುಂದೆಯೇ ಬಿದ್ದುಹೋಗುತ್ತಿತ್ತು. ತನ್ನ ರಕ್ತ ಕಿವಿಯಲ್ಲಿ ಹರಿಯುವುದು ಅವಳಿಗೆ ಕೇಳಿಸುತ್ತಿತ್ತು.

ಎಚ್ಚರಿಕೆಯ ಪೆಟ್ಟಿಗೆಯ ಕೆಳಗಿನ ಸಣ್ಣ ಅಕ್ಷರಗಳನ್ನು ಅವಳು ಮತ್ತೊಮ್ಮೆ ಓದಿದಳು. ಒಂದು ಯಂತ್ರದೊಳಗೆ ಇನ್ನೊಂದು ಯಂತ್ರ ನಡೆಯಬೇಕಾದರೆ ಹೊರಗಿನ ಯಂತ್ರ ಅನುಮತಿ ಕೊಡಬೇಕು. ಆ ಅನುಮತಿಯ ಗುಂಡಿ ಕಂಪ್ಯೂಟರಿನ ತಳಮಟ್ಟದ ಸೆಟ್ಟಿಂಗಿನಲ್ಲಿರುತ್ತದೆ. ಇಲ್ಲಿ ಅದನ್ನು ಆರಿಸಲಾಗಿತ್ತು.

"ಸಾರ್, ಇದು ಯಾವಾಗಿನಿಂದ ಶುರುವಾಗುತ್ತಿಲ್ಲ?"

"ಕರೆಂಟ್ ಹೋಗಿ ಬಂತು. ಅವತ್ತಿನಿಂದ."

"ತಳಮಟ್ಟದ ಪಾಸ್‌ವರ್ಡ್ ಯಾರ ಹತ್ತಿರ ಇದೆ?"

"ನಮ್ಮ ಸೌಂಡ್ ಎಂಜಿನಿಯರ್ ರಾಮಕೃಷ್ಣ ಹತ್ತಿರ. ಅವನು ರಜೆಯಲ್ಲಿದ್ದಾನೆ." ಮಹೇಶಕುಮಾರ ಪರ್ಸಿನಿಂದ ಮಡಿಸಿದ ಚೀಟಿ ತೆಗೆದು ಮೇಜಿನ ಮೇಲಿಟ್ಟ. "ನನಗೂ ಒಂದು ಪ್ರತಿ ಕೊಟ್ಟಿದ್ದ."

ಐವತ್ತರ ಆಸುಪಾಸಿನ ಆಳು. ಇಸ್ತ್ರಿ ಮುರಿಯದ ಬಿಳಿ ಅಂಗಿ, ಕಿರುಬೆರಳಿಗೆ ಹವಳದ ಉಂಗುರ. ಬಂದಾಗಿನಿಂದ ಅವನು ಒಮ್ಮೆಯೂ ದನಿ ಎತ್ತಿರಲಿಲ್ಲ, ಒಮ್ಮೆಯೂ ಕೂತಿರಲಿಲ್ಲ.

ಸ್ನೇಹಲತಾ ಕಂಪ್ಯೂಟರನ್ನು ಆರಿಸಿ, ತಳಮಟ್ಟದ ನೀಲಿ ಪರದೆಗೆ ಇಳಿದಳು. ಗುಂಡಿ ಆರಿತ್ತು, ಸರಿ. ಆದರೆ ಅವಳ ಕಣ್ಣು ಮೂಲೆಯ ಗಡಿಯಾರದ ಮೇಲೆ ನಿಂತಿತು. ಕರೆಂಟಿನ ಏಟಿಗೆ ಸೆಟ್ಟಿಂಗ್ ಅಳಿಸಿಹೋದರೆ ಈ ಗಡಿಯಾರವೂ ಹಿಂದಕ್ಕೆ ಬಿದ್ದು, ಎಷ್ಟೋ ವರ್ಷದ ಹಿಂದಿನ ಜನವರಿ ಒಂದನ್ನು ತೋರಿಸಬೇಕು. ಇದು ಈಗಿನ ಸಮಯವನ್ನೇ ತೋರಿಸುತ್ತಿತ್ತು. ಹನ್ನೊಂದು ಮೂವತ್ತೆರಡು.

ಕರೆಂಟ್ ಹೋಗಿ ಆರಿದ ಗುಂಡಿಯಲ್ಲ ಇದು. ಒಂದು ಕೈ ಆರಿಸಿದೆ. ಪಾಸ್‌ವರ್ಡ್ ಗೊತ್ತಿದ್ದ ಕೈ.

ಅವಳು ಗುಂಡಿ ಒತ್ತಿ ಹೊರಬಂದಳು.

ಅಷ್ಟರಲ್ಲಿ ಅವಳ ಮೊಬೈಲ್ ಅದುರಿತು. ಶಿವಶರಣಪ್ಪ. ನಿವೃತ್ತ ಹೆಡ್ ಕಾನ್‌ಸ್ಟೇಬಲ್, ಅವಳ ತಂದೆಯ ಗೆಳೆಯ, ಅವಳ ಅರ್ಧ ಕೆಲಸಕ್ಕೆ ಕಾಲಾಗಿ ಓಡಾಡುವ ಮನುಷ್ಯ. ಕಾರ್ಖಾನೆಯ ಗೇಟಿನ ಎದುರಿನ ಚಹದ ಹೋಟೆಲಿನಲ್ಲಿ ಸ್ಕೂಟರ್ ನಿಲ್ಲಿಸಿ ಕೂತಿದ್ದರು.

"ಏನವಾ, ಬಾಗಿಲಾ ತೆಗೀತೇನು?"

"ಇನ್ನೂ ಇಲ್ಲ ಕಾಕಾ. ಯಾರೋ ಬೇಕಂತನ ಬಂದ್ ಮಾಡ್ಯಾರ." ಮಹೇಶಕುಮಾರನಿಗೆ ಕನ್ನಡ ಬರುವುದಿಲ್ಲ ಎಂದು ಅವನೇ ಮೊನ್ನೆ ಫೋನಿನಲ್ಲಿ ಹೇಳಿದ್ದರಿಂದ ಅವಳು ದನಿ ತಗ್ಗಿಸಲಿಲ್ಲ. "ನೀವು ಅಲ್ಲೇ ಕುಂದರ್ರಿ. ನಾ ಒಂದು ಗಂಟೇಕ ಬರಲಿಲ್ಲ ಅಂದ್ರ ಗೇಟಿಗೆ ಬಂದು ಗದ್ದಲಾ ಮಾಡ್ರಿ."

"ಆತು. ಇನ್ನೊಂದು ಚಹಾ ಹೇಳ್ತೀನಿ."

ಫೋನ್ ಇಟ್ಟಳು. ಮಹೇಶಕುಮಾರ ಕಿಟಕಿಯ ಬಳಿ ನಿಂತು ಕೆಳಗೆ ನೋಡುತ್ತಿದ್ದ.

ಈ ಸಲ ಪರದೆ ಸ್ವಲ್ಪ ಮುಂದೆ ಹೋಯಿತು. ಬಿಳಿ ಗೆರೆ ಅರ್ಧದವರೆಗೆ ಓಡಿತು. ಆಮೇಲೆ ಇನ್ನೊಂದು ಪೆಟ್ಟಿಗೆ: ಈ ಡಿಸ್ಕನ್ನು ಬೇರೊಬ್ಬರು ಬಳಸುತ್ತಿದ್ದಾರೆ.

ಇದು ಅವಳಿಗೆ ದಿನವೂ ಸಿಗುವ ತೊಂದರೆ. ಒಂದು ವರ್ಚುವಲ್ ಮಷೀನನ್ನು ಯಾರಾದರೂ ತೆರೆದರೆ ಅದರ ಪಕ್ಕದಲ್ಲಿ ಸಣ್ಣದೊಂದು ಬೀಗದ ಫೈಲ್ ಹುಟ್ಟುತ್ತದೆ. ಒಂದೇ ಯಂತ್ರವನ್ನು ಇಬ್ಬರು ಎಬ್ಬಿಸಬಾರದು ಎಂದು. ಮುಚ್ಚಿದಾಗ ಬೀಗ ಹೋಗುತ್ತದೆ. ಕರೆಂಟ್ ಹೋದಾಗ ಕೆಲವು ಸಲ ಬೀಗ ಅಲ್ಲೇ ಉಳಿದುಬಿಡುತ್ತದೆ, ಒಡೆಯ ಇಲ್ಲದ ಸತ್ತ ಬೀಗ. ಅಳಿಸಿದರಾಯಿತು.

ಅವಳು ಬೀಗದ ಫೈಲನ್ನು ತೆರೆದಳು. ಒಳಗೆ ಎರಡೇ ಸಾಲು. ಬೀಗ ಹಾಕಿದ ಕಂಪ್ಯೂಟರಿನ ಹೆಸರು, ಕೊನೆಯ ಸಲ ಅದನ್ನು ಮುಟ್ಟಿದ ಸಮಯ.

ಹೆಸರು: ಟವರ್-೭. ಸಮಯ: ಹನ್ನೊಂದು ನಲವತ್ತೊಂದು, ಹತ್ತು ಸೆಕೆಂಡು.

ಅವಳು ಫೈಲ್ ಮುಚ್ಚಿ ಮತ್ತೆ ತೆರೆದಳು. ಹನ್ನೊಂದು ನಲವತ್ತೊಂದು, ಇಪ್ಪತ್ತು ಸೆಕೆಂಡು.

ಮತ್ತೆ. ಮೂವತ್ತು ಸೆಕೆಂಡು.

ಬೀಗ ಸತ್ತಿರಲಿಲ್ಲ. ಯಾವುದೋ ಕಂಪ್ಯೂಟರು ಇದೇ ಗಳಿಗೆಯಲ್ಲಿ, ಹತ್ತು ಹತ್ತು ಸೆಕೆಂಡಿಗೊಮ್ಮೆ, ಇದು ನನ್ನದು, ಇದು ನನ್ನದು ಎಂದು ಅದನ್ನು ಮುಟ್ಟಿ ಮುಟ್ಟಿ ಹೋಗುತ್ತಿತ್ತು.

"ಸಾರ್, ಏಳನೇ ಮಹಡಿಯಲ್ಲಿ ಕಂಪ್ಯೂಟರ್ ಇದೆಯೇ?"

"ಏಳನೇ ಮಹಡಿ?" ಮಹೇಶಕುಮಾರ ನಕ್ಕ. "ಈ ಕಟ್ಟಡಕ್ಕೆ ಆರೇ ಮಹಡಿ, ಮೇಡಂ. ನೀವು ಕೂತಿರುವುದೇ ಕೊನೆಯದು. ಇದರ ಮೇಲೆ ಪಕ್ಕದ ಟೆಸ್ಟ್ ಗೋಪುರದ ತಲೆ ಮಾತ್ರ."

ಕಟ್ಟಡಕ್ಕೆ ಅಂಟಿಕೊಂಡು ನಿಂತ ಆ ಗೋಪುರವನ್ನು ಅವಳು ಬರುವಾಗಲೇ ನೋಡಿದ್ದಳು. ಕಿಟಕಿಯೇ ಇಲ್ಲದ ಉದ್ದನೆಯ ಕಾಂಕ್ರೀಟ್ ಕೊಳವೆ. ಹೊಸ ಲಿಫ್ಟುಗಳನ್ನು ಮಾರುವ ಮೊದಲು ಅದರೊಳಗೆ ಏರಿಸಿ ಇಳಿಸಿ ನೋಡುತ್ತಾರೆ. ಅವಳು ಆರನೇ ಮಹಡಿಗೆ ಬಂದದ್ದೂ ಆ ಗೋಪುರದ ಲಿಫ್ಟಿನಲ್ಲೇ. "ಆರವ ಅಂತಸ್ತು" ಎಂದು ಶಿವಗಂಗಾಳ ದನಿ ತೆಲುಗಿನಲ್ಲಿ ಹೇಳಿ ಅವಳನ್ನು ಇಳಿಸಿತ್ತು.

ಆ ದನಿ ಕೇಳಿದಾಗ ನೆನಪಾದವಳು ಹುಡುಗಿಯ ತಾಯಿ ಹಂಪಮ್ಮ.

ಹಂಪಮ್ಮ ಲಿಂಗಸುಗೂರು ಕಡೆಯವಳು. ಶಂಶಾಬಾದಿನ ಒಂದು ಅಪಾರ್ಟ್‌ಮೆಂಟಿಗೆ ಇಟ್ಟಿಗೆ ಹೊತ್ತು, ಅದು ಎದ್ದು ನಿಂತ ಮೇಲೆ ಅಲ್ಲೇ ಮೆಟ್ಟಿಲು ಗುಡಿಸಲು ಉಳಿದಳು. ಮಗಳನ್ನು ಓದಿಸಿದಳು. ಮಗಳ ದನಿ ಆ ಅಪಾರ್ಟ್‌ಮೆಂಟಿನ ಲಿಫ್ಟಿನೊಳಗೇ ಬಂದು ಕೂತಾಗ, ತಿಳಿಯದ ಮೂರು ಭಾಷೆಯಲ್ಲಿ ಅದನ್ನು ಕೇಳಲೆಂದೇ ಪೊರಕೆ ಹಿಡಿದು ಮೇಲೆ ಕೆಳಗೆ ಓಡಾಡಿದವಳು.

ಮಗಳು ಕಾಣೆಯಾದ ಮರುದಿನ ಒಂದು ಫೋನ್ ಬಂತು. ನಾನು ಪುಣೆಗೆ ಬಂದಿದ್ದೇನೆ, ಹುಡುಕಬೇಡ, ಆರಾಮ ಇದ್ದೇನೆ ಎಂದು. ಆ ಒಂದು ಕರೆಯ ಮೇಲೆ ಪೊಲೀಸರಿಗೆ ಕೊಟ್ಟ ದೂರು ಅಲ್ಲೇ ನಿಂತಿತು.

"ಫೋನಿನ್ಯಾಗ ಮಾತಾಡಿದಾಕಿ ನನ್ನ ಮಗಳಲ್ರಿ," ಎಂದು ಹಂಪಮ್ಮ ಅಂಗಡಿಯ ಮೆಟ್ಟಿಲ ಮೇಲೆ ಕೂತು ಹೇಳಿದ್ದಳು. "ದನಿ ಆಕೀದ. ಆದ್ರ ನಡುವ ಉಸಿರಾ ಎಳಕೊಳ್ಳಲಿಲ್ಲ. ಇಷ್ಟುದ್ದ ಮಾತು, ಒಂದ ದಮ್ಮಿನ್ಯಾಗ. ಆಕಿಗೆ ಸಣ್ಣಾಕಿ ಇದ್ದಾಗಿಂದ ದಮ್ಮು ಐತ್ರಿ, ಹಂಗ ಮಾತಾಡಾಕ ಬರಂಗಿಲ್ಲ."

"ಲಿಫ್ಟಿನ್ಯಾಗ?"

"ಲಿಫ್ಟಿನ್ಯಾಗ ಉಸಿರು ಎಳಕೊಂಡ್ಲು. ಮಂಗಳವಾರ ಮುಂಜಾನಿ. ನಾ ಒಬ್ಬಾಕೀನ ಇದ್ದೆ. ಬಾಗಿಲಾ ಮುಚ್ಚಿತು, ಆಕಿ ನಮ್ಮ ಮಾತಿನ್ಯಾಗ ಅಂದ್ಲು, ಯವ್ವಾ, ನಾ ಪುಣೇಕ ಹೋಗಿಲ್ಲ."

ಆ ಕಟ್ಟಡದಲ್ಲಿ ಕನ್ನಡ ತಿಳಿದವರು ಬೇರೆ ಯಾರೂ ಇರಲಿಲ್ಲ. ಉಳಿದವರು ನಕ್ಕಿದ್ದರು. ಸ್ನೇಹಲತಾ ನಗಲಿಲ್ಲ. ಆ ಲಿಫ್ಟಿಗೆ ಸೋಮವಾರ ಸಂಜೆ ಹೊಸ ದನಿಯ ಫೈಲುಗಳು ಬಂದಿದ್ದವೆಂದು ಅವಳು ಆಮೇಲೆ ಪತ್ತೆ ಮಾಡಿದ್ದಳು. ಬಂದದ್ದು ಗಂಗಾ-೩ರಿಂದ. ಕೆಟ್ಟು ನಿಂತಿದೆ ಎಂದು ಮಹೇಶಕುಮಾರ ಹೇಳುವ ಇದೇ ಯಂತ್ರದಿಂದ.

ಈಗ ಅವಳು ಬೀಗವನ್ನು ಮುಟ್ಟಲಿಲ್ಲ. ಮುಟ್ಟಿದರೆ ಅತ್ತ ಕಡೆ ಕೂತವರಿಗೆ ತಿಳಿಯುತ್ತದೆ. ಬದಲಿಗೆ ಗಂಗಾ-೩ರ ಹಳೆಯ ಪ್ರತಿಗಳ ಪಟ್ಟಿ ತೆರೆದಳು. ನಡೆಯುತ್ತಿರುವ ವರ್ಚುವಲ್ ಮಷೀನನ್ನು ಯಾವುದೋ ಗಳಿಗೆಯಲ್ಲಿ ಇದ್ದಂತೆಯೇ ಹೆಪ್ಪುಗಟ್ಟಿಸಿ ಇಟ್ಟುಕೊಳ್ಳಬಹುದು. ಪರದೆಯ ಮೇಲೆ ಅರ್ಧ ಬರೆದ ಅಕ್ಷರವೂ ಹಾಗೆಯೇ ಉಳಿಯುತ್ತದೆ. ಅದಕ್ಕೆ ಸ್ನ್ಯಾಪ್‌ಶಾಟ್ ಎನ್ನುತ್ತಾರೆ.

ಪಟ್ಟಿಯಲ್ಲಿ ಒಂದೇ ಒಂದಿತ್ತು. ಹನ್ನೆರಡು ದಿನದ ಹಿಂದಿನದು. ಬೀಗ ಬಿದ್ದದ್ದು ಇವತ್ತಿನ ಯಂತ್ರಕ್ಕೆ. ಇದಕ್ಕೆ ಯಾರೂ ಬೀಗ ಹಾಕಿರಲಿಲ್ಲ.

"ಇದೇನು ಮಾಡುತ್ತಿದ್ದೀರಿ?"

"ಬ್ಯಾಕಪ್, ಸಾರ್. ಕೈ ಹಾಕುವ ಮೊದಲು ಒಂದು ಪ್ರತಿ ತೆಗೆದಿಡುತ್ತೇನೆ. ಅರ್ಧ ಗಂಟೆ."

ಅವಳು ತನ್ನ ಚೀಲದ ಡಿಸ್ಕನ್ನು ಸಿಕ್ಕಿಸಿ, ಸ್ನ್ಯಾಪ್‌ಶಾಟನ್ನು ಅದಕ್ಕೆ ಇಳಿಸಲು ಬಿಟ್ಟಳು. ಹಾಗೆ ಬಿಡುವಾಗ ಪಟ್ಟಿಯ ಪಕ್ಕದಲ್ಲಿ ಒಂದು ಪುಟ್ಟ ಚಿತ್ರ ಮೂಡಿತು. ಹೆಪ್ಪುಗಟ್ಟಿದ ಗಳಿಗೆಯಲ್ಲಿ ಆ ಪರದೆ ಹೇಗಿತ್ತೋ ಅದರ ಅಂಚೆಚೀಟಿಯಷ್ಟು ಪ್ರತಿ. ಅವಳು ಅದನ್ನು ಹಿಗ್ಗಿಸಿದಳು.

ಧ್ವನಿಮುದ್ರಣದ ಕಿಟಕಿ. ಮೂಲೆಯಲ್ಲಿ ಕೆಂಪು ಚುಕ್ಕೆ ಉರಿಯುತ್ತಿದೆ, ಯಾರೋ ಮಾತಾಡುತ್ತಿದ್ದಾರೆ. ಕೆಳಗೆ ಓದಬೇಕಾದ ಮಾತಿನ ಪಟ್ಟಿ, ತೆಲುಗಿನಲ್ಲಿ ಆರೇಳು ಸಾಲು. ಕೊನೆಯ ಸಾಲು ಮಾತ್ರ ಕನ್ನಡ ಅಕ್ಷರ.

ಅವಳು ಓದುವ ಮೊದಲೇ ಬೆನ್ನ ಹಿಂದೆ ಒಂದು ಗಂಡುದನಿ ಅದನ್ನು ಓದಿತು. ನಿಧಾನವಾಗಿ, ತಡವರಿಸದೆ.

"ಯವ್ವಾ, ನಾ ಪುಣೇಕ ಹೋಗಿಲ್ಲ."

ಸ್ನೇಹಲತಾಳ ಕೈ ಮೌಸಿನ ಮೇಲೆ ಕಲ್ಲಾಯಿತು.

"ನಂದು ಬೀದರ್ ಜಿಲ್ಲಾರಿ," ಎಂದ ಮಹೇಶಕುಮಾರ. ದನಿ ಅಷ್ಟೇ ಮೆತ್ತಗಿತ್ತು. "ಹುಟ್ಟಿದ್ದು ಬೆಳದಿದ್ದು ಅಲ್ಲೇ. ನಿಮ್ಮ ಕಾಕಾನದು ಎಷ್ಟನೇ ಚಹಾರಿ ಅದು? ಮೂರಾ, ನಾಕಾ?"

ಅವಳು ಕುರ್ಚಿ ತಿರುಗಿಸಿ ಅವನ ಮುಖ ನೋಡಿದಳು. ಅಂಜಿಕೆ ಮುಖಕ್ಕೆ ಬರದಂತೆ ಹಲ್ಲು ಕಚ್ಚಿದಳು.

"ಕನ್ನಡ ಬರಂಗಿಲ್ಲ ಅಂದಿದ್ರಿ."

"ನೀವೂ ಬರೇ ರಿಪೇರಿಯಾಕಿ ಅಂದಿದ್ರಿ."

"ಶಿವಗಂಗಾ ಎಲ್ಲಿದ್ದಾಳ?"

"ರಾಮಕೃಷ್ಣನ್ನ ಕೇಳ್ರಿ. ಇಬ್ಬರೂ ಒಂದ ದಿನ ಹೋದ್ರು. ನಾನೇನು ಮಂದಿಯ ಮನಿ ಕಾಯ್ತೀನೇನು?"

"ನಲವತ್ತು ದಿನದ ಹಿಂದ ಹೋದಾಕಿ ಹನ್ನೆರಡು ದಿನದ ಹಿಂದ ಇಲ್ಲಿ ಹೆಂಗ ಮಾತಾಡಿದ್ಲು? ಆ ಕೆಂಪು ಚುಕ್ಕಿ ನೋಡ್ರಿ. ಯಾರೋ ಮೈಕಿನ ಮುಂದ ಅದಾರ."

"ಚಿತ್ರ ಅದು. ಚಿತ್ರ ಸಾಕ್ಷಿ ಹೇಳಂಗಿಲ್ಲ."

"ಹಂಪಮ್ಮ ಹೇಳ್ತಾಳ."

ಮಹೇಶಕುಮಾರನ ಮುಖದ ಒಂದು ನರ ಎಳೆದು ಬಿಟ್ಟಿತು. ಅಷ್ಟೇ. "ಮೆಟ್ಟಿಲಾ ಕಸಾ ಹೊಡಿಯಾಕಿ. ಲಿಫ್ಟ್ ನನ್ನ ಜೋಡಿ ಮಾತಾಡ್ತು ಅಂತಾಳ. ಯಾರು ಕೇಳ್ತಾರ್ರಿ ಆಕೀ ಮಾತು?"

"ನಾ ಕೇಳೀನಿ."

"ಅದಕ್ಕ ನಿಮ್ಮನ್ನ ಕರಸಿದ್ದು." ಅವನು ಹತ್ತಿರ ಬಂದು ಮೇಜಿನ ಅಂಚಿಗೆ ಕೈಯೂರಿದ. "ಈ ಮಷೀನ್ ಶುರು ಆಗ್ಲಿ ಅಂತ ಅಲ್ಲ. ಇದು ಶುರು ಆಗಂಗಿಲ್ಲ, ಬೀಗ ನನ್ನ ಕಡೆ ಐತಿ. ನಿಮಗ ಎಷ್ಟು ಗೊತ್ತೈತಿ ಅಂತ ನೋಡಬೇಕಿತ್ತು. ನೋಡಿದೆ."

"ಎಷ್ಟು?"

"ಬೇಕಾದ್ದಕ್ಕಿಂತ ಒಂಚೂರು ಜಾಸ್ತಿ."

ಅವನ ಮೊಬೈಲ್ ಹೊಳೆಯಿತು. ಹೆಸರು ನೋಡಿದ ಕೂಡಲೇ ಅವನ ಬೆನ್ನು ತಾನಾಗಿ ನೆಟ್ಟಗಾಯಿತು. ದೊಡ್ಡವರ ಮುಂದೆ ಆಳು ನಿಂತಂತೆ. "ಹಾಂಜಿ," ಎಂದ. ಮತ್ತೆ, "ಹಾಂಜಿ. ಈಗಲೇ." ಅವಳ ಕಡೆ ನೋಡದೆ ಹೊರಗೆ ಹೋದ. ದಿಂಬು ಹೊದಿಸಿದ ಬಾಗಿಲು ಸದ್ದಿಲ್ಲದೆ ಮುಚ್ಚಿತು. ಬೀಗದ ನಾಲಿಗೆ ಚೌಕಟ್ಟಿಗೆ ಬಿದ್ದದ್ದು ಮಾತ್ರ ನೆಲದ ಮೂಲಕ ಅವಳ ಪಾದಕ್ಕೆ ತಿಳಿಯಿತು.

ಹಿಡಿಕೆ ತಿರುಗಿಸಿ ನೋಡಿದಳು. ಅಲ್ಲಾಡಲಿಲ್ಲ.

ಕಾಕಾನ ಗದ್ದಲ ಪ್ರತಿ ಇಳಿದ ಮೇಲೆ ಸಾಕು ಎಂದುಕೊಂಡು, ಎಣಿಕೆ ಕಾಯುತ್ತ ಮತ್ತೆ ಪರದೆಯ ಮುಂದೆ ಕೂತಳು. ಬೀಗ ತನ್ನ ಕಡೆ ಇದೆ ಎಂದ ಮನುಷ್ಯನಿಗೆ ಹೆಪ್ಪುಗಟ್ಟಿದ ಪ್ರತಿಗೆ ಆ ಬೀಗ ಬಿದ್ದಿಲ್ಲ ಎನ್ನುವುದು ಗೊತ್ತಿರಲಿಲ್ಲ. ಪರದೆಯ ಮೇಲೆ ಎಣಿಕೆ ತೊಂಬತ್ತು ದಾಟಿತು. ನೂರಾಯಿತು.

ತನ್ನ ಡಿಸ್ಕಿನಲ್ಲಿದ್ದ ಪ್ರತಿಯನ್ನು ಅವಳು ಒತ್ತಿದಳು.

ಕಪ್ಪು. ಬಿಳಿ ಗೆರೆ. ಅದು ಅರ್ಧ ದಾಟಿತು. ಪೂರ್ತಿ ಓಡಿತು.

ಗಂಗಾ-೩ ಕಣ್ಣು ತೆರೆಯಿತು.

ಹೊಸದಾಗಿ ಎದ್ದಂತೆ ತೆರೆಯಲಿಲ್ಲ. ನಡುವೆ ನಿಂತ ಮಾತನ್ನು ಮುಂದುವರಿಸುವವರಂತೆ ತೆರೆಯಿತು. ಕೆಂಪು ಚುಕ್ಕೆ ಮಿಣುಕತೊಡಗಿತು. ಅದರೊಳಗೆ ಇನ್ನೂ ಹನ್ನೆರಡು ದಿನದ ಹಿಂದಿನ ಮಧ್ಯಾಹ್ನ ನಡೆಯುತ್ತಿತ್ತು.

ಅವಳು ಹೆಡ್‌ಫೋನ್ ಏರಿಸಿಕೊಂಡು, ಮುದ್ರಣ ನಿಲ್ಲಿಸಿ, ಅಲ್ಲಿಯವರೆಗಿನದನ್ನು ಕೇಳಿದಳು. ಲಿಫ್ಟುಗಳಲ್ಲಿ ಕೇಳಿದ ಅದೇ ದನಿ, ಆದರೆ ಬಳಲಿದ್ದು. ತೆಲುಗಿನ ಸಾಲುಗಳು. ಆಮೇಲೆ ಒಂದು ಉಸಿರು, ಎದೆಯೊಳಗೆ ಸಿಳ್ಳೆ ಹೊಡೆದಂತೆ. "ಯವ್ವಾ..."

ಬದುಕಿದ್ದಳು. ಹನ್ನೆರಡು ದಿನದ ಹಿಂದೆ ಶಿವಗಂಗಾ ಬದುಕಿದ್ದಳು.

ಹಳೆಯ ಫೈಲುಗಳ ನಡುವೆ 'ಪುಣೆ' ಎಂದೊಂದು ಸಿಕ್ಕಿತು. ಅದಕ್ಕೆ ಮೈಕಿನ ಗುರುತೇ ಇರಲಿಲ್ಲ. ಟೈಪ್ ಮಾಡಿದ ಸಾಲುಗಳನ್ನು ಯಂತ್ರವೇ ಅವಳ ದನಿಯಲ್ಲಿ ಹೊಸೆದದ್ದು. ನಾನು ಪುಣೆಗೆ ಬಂದೀನಿ ನನ್ನ ಹುಡುಕಬ್ಯಾಡ ನಾ ಆರಾಮ ಅದೀನಿ. ಒಂದೇ ದಮ್ಮು. ಹಂಪಮ್ಮನ ಕಿವಿ ತಪ್ಪಿರಲಿಲ್ಲ.

ಅದರ ಕೆಳಗೆ ಇನ್ನೊಂದು ಫೋಲ್ಡರ್ ಇತ್ತು. ಇದು ಹಂಚಿಕೆಯದು. ಗಂಗಾ-೩ರ ಒಳಗೆ ಕಾಣಿಸುತ್ತದೆ, ಆದರೆ ಇರುವುದು ಇನ್ನೊಂದು ಕಂಪ್ಯೂಟರಿನಲ್ಲಿ. ಉಳಿದದ್ದೆಲ್ಲ ಹೆಪ್ಪುಗಟ್ಟಿದ ಹಳೆಯ ದಿನ. ಇದೊಂದು ಇವತ್ತಿಗೆ ತೆರೆದ ಕಿಟಕಿ. ಕಂಪ್ಯೂಟರಿನ ಹೆಸರು ಟವರ್-೭. ಫೋಲ್ಡರಿನ ಹೆಸರನ್ನು ಅವಳು ಎರಡು ಸಲ ಓದಿದಳು.

ಸ್ನೇಹಲತಾ.

ಒಳಗೆ ಮೊನ್ನೆ ಮಹೇಶಕುಮಾರ ಫೋನ್ ಮಾಡಿದಾಗ ಅವಳಾಡಿದ ಮಾತುಗಳು, ಒಂದೊಂದೂ ಕತ್ತರಿಸಿ ಜೋಡಿಸಿಟ್ಟದ್ದು. ಆ ದಿನ ಅವನು ಏನೇನೋ ಕೇಳಿ ಅರ್ಧ ಗಂಟೆ ಮಾತಾಡಿಸಿದ್ದ. ಈ ಕೋಣೆಯಲ್ಲಿ ಕಾಕಾನ ಜೊತೆ ಅವಳಾಡಿದ ಕನ್ನಡವೂ ಇತ್ತು. ಎಲ್ಲಕ್ಕಿಂತ ಕೊನೆಯಲ್ಲಿ ಒಂದು ಹೊಸ ಫೈಲ್. ಸಮಯ ಹನ್ನೆರಡು ಇಪ್ಪತ್ತಮೂರು. ಅವಳು ಮೊಬೈಲ್ ನೋಡಿದಳು. ಹನ್ನೆರಡು ಇಪ್ಪತ್ತನಾಲ್ಕು.

ಒತ್ತಿದಳು. ಅವಳ ಕಿವಿಯೊಳಗೆ ಅವಳೇ ಮಾತಾಡಿದಳು.

"ಕಾಕಾ, ಬಾಗಿಲಾ ತೆಗೀತು. ಆ ಹುಡುಗಿ ಸಿಕ್ಕಾಳ. ಮ್ಯಾಲ ಬರ್ರಿ, ಲಿಫ್ಟಿನ್ಯಾಗ. ಏಳನೇ ಮಜಲಾ."

ಕುರ್ಚಿ ಹಿಂದಕ್ಕೆ ಬಿತ್ತು. ಅವಳು ಕಿಟಕಿಗೆ ಓಡಿದಳು.

ಕೆಳಗೆ, ಬಿಸಿಲು ಬಿದ್ದ ಖಾಲಿ ರಸ್ತೆಯಾಚೆ, ಶಿವಶರಣಪ್ಪ ಹೋಟೆಲಿನ ಮುಂದೆ ಎದ್ದು ನಿಂತು ಫೋನನ್ನು ಕಿವಿಗೆ ಒತ್ತಿ ಹಿಡಿದಿದ್ದರು. ತಲೆಯಾಡಿಸುತ್ತಿದ್ದರು. ಅವಳು ಅವರ ನಂಬರ್ ಒತ್ತಿದಳು. ಎಂಗೇಜ್. ಮತ್ತೆ ಒತ್ತಿದಳು. ಎಂಗೇಜ್. ಅವರು ಮಾತಾಡುತ್ತಿದ್ದದ್ದು ಅವಳ ಜೊತೆಗೇ.

ಎರಡೂ ಮುಷ್ಟಿಯಿಂದ ಗಾಜು ಗುದ್ದಿದಳು. "ಕಾಕಾ! ಕಾಕಾ, ಬರಬ್ಯಾಡ್ರಿ!" ಕೂಗು ಗೋಡೆಯ ದಿಂಬಿನೊಳಗೆ ಇಂಗಿಹೋಯಿತು. ಮುದುಕರು ಏನೋ ಕೇಳಿದರು. ಅವಳು ತಿರುಗಿ ನೋಡುವಷ್ಟರಲ್ಲಿ ಪರದೆಯ ಮೇಲೆ ಇನ್ನೊಂದು ಫೈಲ್ ಹುಟ್ಟಿತ್ತು. ಅವರ ಪ್ರಶ್ನೆಗೆ ಉತ್ತರ.

ಸ್ನೇಹಲತಾ ಓಡಿಬಂದು ಅದನ್ನು ಅಳಿಸಿದಳು. ಮತ್ತೊಂದು ಹುಟ್ಟಿತು. ಅಳಿಸಿದಳು. ಇನ್ನೊಂದು. ಎರಡು ಕೈ ಒಂದೇ ಪಾತ್ರೆಗೆ ಜಗ್ಗಾಡಿದಂತೆ ಫೈಲುಗಳು ಹುಟ್ಟಿದವು, ಸತ್ತವು, ಹುಟ್ಟಿದವು. ಆಮೇಲೆ ಅತ್ತ ಕಡೆಯ ಕೈ ತಟಕ್ಕನೆ ನಿಂತಿತು. ಇಲ್ಲೊಬ್ಬರು ಇದ್ದಾರೆ ಎಂದು ಅದಕ್ಕೆ ತಿಳಿದುಬಿಟ್ಟಿತ್ತು.

ಅವಳು ಮತ್ತೆ ಕಿಟಕಿಗೆ ಬಂದಳು. ಶಿವಶರಣಪ್ಪ ಫೋನನ್ನು ಜೇಬಿಗಿಟ್ಟು ರಸ್ತೆ ದಾಟಿಯಾಗಿತ್ತು. ಗೇಟಿನ ಕಾವಲುಗಾರ ಸಲಾಮು ಹೊಡೆದು ಬದಿಗೆ ಸರಿದ. ಕಾಕಾ ಕಟ್ಟಡದ ನೆರಳಿನೊಳಗೆ ಹೊಕ್ಕು ಕಣ್ಮರೆಯಾದರು. ಅವಳು ನಂಬರ್ ಒತ್ತಿದಳು. ಈಗ ರಿಂಗಾಯಿತು. ಎರಡು ಸಲ ರಿಂಗಾಗಿ ಕಟ್ಟಾಯಿತು. ಲಿಫ್ಟಿನ ಬಾಗಿಲು ಮುಚ್ಚಿದಾಗ ಸಿಗ್ನಲ್ ಹೋಗುವ ಹಾಗೆ.

ಗೋಡೆಗೆ ಅಂಗೈ ಒತ್ತಿದಳು. ದಿಂಬಿನ ಹಿಂದೆ, ಕಾಂಕ್ರೀಟಿನ ಹಿಂದೆ, ಭಾರವಾದದ್ದೊಂದು ಅದುರುತ್ತ ಮೇಲೇರತೊಡಗಿತ್ತು.

ಪರದೆಯ ಮೇಲೆ ಕೊನೆಯದಾಗಿ ಒಂದು ಫೈಲ್ ಬಂತು. ಇದರ ಹೆಸರು 'ಅಕ್ಕಾ' ಎಂದಿತ್ತು. ಅವಳು ಹೆಡ್‌ಫೋನನ್ನು ಒಂದೇ ಕಿವಿಗೆ ಒತ್ತಿಕೊಂಡಳು. ಇದನ್ನು ಯಂತ್ರ ಹೊಸೆದಿರಲಿಲ್ಲ. ಅಳು ನುಂಗಿಕೊಂಡು, ಯಾರಿಗೋ ಕೇಳಬಾರದೆಂದು ಪಿಸುಗುಟ್ಟಿದ ದನಿ. ಶಿವಗಂಗಾಳದು.

"ಅಕ್ಕಾರ, ನಾ ಮನಸಾರೆ ಮಾಡಾಕತ್ತಿಲ್ರಿ, ಕುಂದರಿಸಿ ಮಾಡಿಸಾಕತ್ತಾರ. ಆ ಹಿರ್ಯಾರನ್ನ ಹೆಂಗರ ಮಾಡಿ ನಿಂದರಸ್ರಿ. ಏಳನೇ ಮಜಲಾದಾಗ ಲಿಫ್ಟಿನ ಬಾಗಿಲಾ ತೆಗೀತೈತಿ... ಮುಂದ ನೆಲಾ ಇಲ್ರಿ."